ಮೊದಲ ನಮಸ್ಕಾರ

ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ನೋಡಿ ನೋಡಿ ನನ್ನ ಕುತ್ತಿಗೆ ಹೇಗೆ ಬಿಗಿದಿತ್ತೆಂದರೆ, ಬೆಳಿಗ್ಗೆ ಪೂಜೆ ಮುಗಿಸಿ ದೇವರ ಮುಂದೆ ತಲೆ ಬಗ್ಗಿಸಲೂ ಆಗುತ್ತಿರಲಿಲ್ಲ. ಕೈಮುಗಿದು ಕಂಬದ ಹಾಗೆ ನಿಲ್ಲುತ್ತಿದ್ದೆ. ಕುತ್ತಿಗೆ ಸಡಿಲವಾದರೆ ಮೊದಲ ನಮಸ್ಕಾರ ನಿನಗೇ ಎಂದು ದೇವರಿಗೆ ಹೇಳಿ, ಕೋಯಂಬೇಡಿನ ಹತ್ತಿರ ಒಂದು ಮಸಾಜ್ ಕೇಂದ್ರಕ್ಕೆ ಹೋದೆ.

ಅಲ್ಲಿಯ ಮಂಚದಲ್ಲಿ ಮುಖ ಇಡುವುದಕ್ಕೆಂದೇ ಒಂದು ತೂತು. ಬೋರಲು ಮಲಗಿ ಮುಖ ಇಟ್ಟರೆ ಕಾಣುವುದು ನೆಲ, ಮತ್ತೆ ತಲೆಯ ಬಳಿ ನಿಂತು ಎಣ್ಣೆ ಹಚ್ಚುವವನ ಎರಡು ಪಾದ. ನನಗೆ ಗಲಿಬಿಲಿಯಾಯಿತು. ಹೀಗೆ ಉದ್ದಕ್ಕೆ ಮಲಗಿ ನಾನು ಪಾದ ನೋಡಿದ್ದು ದೇವರದು, ಬಿಟ್ಟರೆ ಗುರುಗಳದು. ಕೈಗಳು ತಾವಾಗಿಯೇ ತಲೆಯ ಮುಂದಕ್ಕೆ ಚಾಚಿ ಕೂಡಿಕೊಂಡವು.

“ಕೈ ಪಕ್ಕಕ್ಕೆ ಇಡಿ ಸಾರ್, ಭುಜ ಬಿಗಿಯುತ್ತೆ,” ಎಂದ ಆತ ತಮಿಳಿನಲ್ಲಿ.

ಇಳಿಸಿದೆ. ಸ್ವಲ್ಪ ಹೊತ್ತಿಗೆ ಕೈಗಳು ಮತ್ತೆ ಮುಂದಕ್ಕೆ ಹೋದವು.

“ಏನ್ ಸಾರ್, ಈಜ್ತಾ ಇದ್ದೀರಾ?”

“ಇಲ್ಲ ತಂಬಿ, ನಿಮ್ಮ ಪಾದ ಕಾಣ್ತಿದೆ.”

ಪಾದಗಳು ಥಟ್ಟನೆ ಮಾಯವಾದವು. “ಅಯ್ಯೋ ಸಾಮಿ, ದೊಡ್ಡವರು ನೀವು! ನನಗೆ ಪಾಪ ಸುತ್ತಿಕೊಳ್ಳುತ್ತೆ!” ಆಮೇಲೆ ಆತ ಪಕ್ಕದಲ್ಲೇ ನಿಂತು, ಅಲ್ಲಿಂದಲೇ ಬಗ್ಗಿ ಬಗ್ಗಿ ಒತ್ತಿದ.

ಎದ್ದು ಕುಳಿತಾಗ ಕುತ್ತಿಗೆ ಹಗುರವಾಗಿತ್ತು. ಬಗ್ಗುತ್ತದೆಯೇ ನೋಡೋಣವೆಂದು ತಲೆ ತಗ್ಗಿಸಿದೆ. ಬಗ್ಗಿತು. ಎದುರಿಗೆ ಆತ ನಿಂತಿದ್ದ. ತನಗೇ ನಮಸ್ಕಾರ ಬಂತೆಂದು ಗಾಬರಿಯಾಗಿ ನನಗಿಂತ ಕೆಳಕ್ಕೆ ಬಗ್ಗಿ, “ಅಮ್ಮಾ!” ಎಂದು ಸೊಂಟ ಹಿಡಿದುಕೊಂಡ.

ಮನೆಗೆ ಬಂದು ದೇವರಿಗೆ ಎರಡನೆಯ ನಮಸ್ಕಾರ ಹಾಕಿದೆ. ಕೊಟ್ಟ ಮಾತು ತಪ್ಪಿದೆನೋ ಇಲ್ಲವೋ, ನನಗಿನ್ನೂ ಬಗೆಹರಿದಿಲ್ಲ. ದೇವರೇನೂ ಅಂದಿಲ್ಲ, ಕುತ್ತಿಗೆಯೂ ಬಗ್ಗುತ್ತಿದೆ.