ಕೂಗಿದರೆ ಕೇಳುವ ಖೋಲಿ

ಐವತ್ತೆರಡು ವರ್ಷ ತುಂಬುವವರೆಗೆ ಭೋಜ ಊರಿನ ಕುರಿಗಾರ ಮಲಕಾರಿ ಒಂದು ಬಾಡಿಗೆ ಮನೆಯ ಹೊಸ್ತಿಲು ತುಳಿದವನಲ್ಲ. ಇರಲು ಜಾಗ ಕೊಡಿ ಎಂದು ಯಾರ ಬಾಗಿಲಲ್ಲೂ ನಿಂತವನಲ್ಲ. ಜನರೇ ಅವನನ್ನು ಕರೆಯಲು ಬರುತ್ತಿದ್ದರು. ಕಬ್ಬು ಕಡಿದು ಹೊಲ ಖಾಲಿಯಾಯಿತೋ ಇಲ್ಲವೋ, ರೈತರು ಬೈಕು ಹತ್ತಿ ಬಂದು, ನಮ್ಮ ಹೊಲದಲ್ಲಿ ನಾಲ್ಕು ದಿನ ಕುರಿ ತರುಬಿ ನಿಲ್ಲಿಸಪ್ಪಾ, ನೆಲಕ್ಕೆ ಗೊಬ್ಬರವಾಗುತ್ತದೆ ಎಂದು ಗೋಗರೆಯುತ್ತಿದ್ದರು. ಇದ್ದಷ್ಟು ದಿನ ಜೋಳ ಕೊಡುತ್ತಿದ್ದರು, ಹೊರಡುವಾಗ ಮುಂದಿನ ವರ್ಷಕ್ಕೂ ಮಾತು ತೆಗೆದುಕೊಳ್ಳುತ್ತಿದ್ದರು.

ಬಿಡಾರ ಎಲ್ಲಿ ಹೂಡಬೇಕೆಂದು ನೋಡುವವನು ಗಂಡಸು. ಮುಂದೆ ಹೋಗಿ ಹಿಮ್ಮಡಿಯಿಂದ ನೆಲ ಗುದ್ದುತ್ತಾನೆ. ಒಂದು ಹಿಡಿ ಮಣ್ಣೆತ್ತಿ ಸುರಿದು ಗಾಳಿಯ ದಿಕ್ಕು ನೋಡುತ್ತಾನೆ. ಊರು ಎಷ್ಟು ದೂರವೆಂದು ನೋಡುತ್ತಾನೆ. ದೂರವಿದ್ದಷ್ಟೂ ಚಲೋ, ಯಾಕೆಂದರೆ ಹತ್ತಿರವಿದ್ದರೆ ಕುರಿ ಯಾರದೋ ಬೆಳೆಗೆ ಬಾಯಿ ಹಾಕುತ್ತದೆ, ಜಗಳ ಕಾಲಿಗೆ ತೊಡರುತ್ತದೆ. ಹೆಂಗಸರು ಕುದುರೆಯ ಮೇಲೆ ಸಾಮಾನು ಹೇರಿಕೊಂಡು ಹಿಂದಿನಿಂದ ಬಂದು, ಗಂಡಸು ತೋರಿಸಿದ ಕಡೆ ಮೂರು ಕಲ್ಲಿಟ್ಟು ಒಲೆ ಹೊತ್ತಿಸುತ್ತಾರೆ. ಮಲಕಾರಿಯ ಹೆಂಡತಿ ದುಂಡವ್ವ ಮೂವತ್ತು ವರ್ಷ ಹಾಗೆಯೇ ಒಲೆ ಹೊತ್ತಿಸಿದವಳು. ಈ ಜಾಗ ಬೇಡ ಎಂದು ಒಂದು ದಿನವೂ ಬಾಯಿ ಬಿಟ್ಟವಳಲ್ಲ.

ಆ ದುಂಡವ್ವನಿಗೆ ಹೋದ ವರ್ಷ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಚಿಕ್ಕೋಡಿಯ ದವಾಖಾನೆಗೆ ಹೋಗಿ, ನಾಲ್ಕು ತಾಸು ಮಲಗಿ, ಎಡಗೈಗೆ ಸೂಜಿ ಚುಚ್ಚಿಸಿಕೊಂಡು ರಕ್ತ ತೊಳೆಸಿಕೊಳ್ಳಬೇಕು. ದಿನಕ್ಕೆ ಕುಡಿಯುವ ನೀರು ಒಂದು ಸಣ್ಣ ಚಂಬು, ಅಷ್ಟೇ. ಬೆಳಿಗ್ಗೆ ಅಳೆದಿಟ್ಟುಕೊಂಡ ಆ ಚಂಬನ್ನು ಅವಳು ಗುಟುಕು ಗುಟುಕಾಗಿ ಸಂಜೆಯವರೆಗೆ ದಾಟಿಸುತ್ತಿದ್ದಳು. ಎಂಟು ತಿಂಗಳು ಭೋಜದಿಂದ ಬಸ್ಸಿನಲ್ಲಿ ಓಡಾಡಿದರು. ಒಂದು ಬುಧವಾರ ಮರಳಿ ಬರುವಾಗ ಅವಳು ಬಸ್ಸಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಳು. ಡಾಕ್ಟರು ಮಲಕಾರಿಯನ್ನು ಕರೆದು, ಇನ್ನೊಂದು ತಿಂಗಳು ಹೀಗೆ ಎಳೆದಾಡಿದರೆ ನೀನು ಬರಿಗೈಲಿ ಊರಿಗೆ ಹೋಗುತ್ತೀ, ಇಲ್ಲೇ ಒಂದು ಖೋಲಿ ನೋಡು ಎಂದರು.

ಕುರಿಗಳನ್ನು ತಮ್ಮ ಮಹಾದೇವನಿಗೆ ಒಪ್ಪಿಸಿ ಮಲಕಾರಿ ಒಬ್ಬನೇ ಚಿಕ್ಕೋಡಿಗೆ ಬಂದ. ಆ ಊರಿನಲ್ಲಿ ಅವನಿಗೆ ದವಾಖಾನೆ ಮತ್ತು ಬಸ್‌ಸ್ಟ್ಯಾಂಡು ಬಿಟ್ಟರೆ ಏನೂ ಗೊತ್ತಿರಲಿಲ್ಲ.

ಮೊದಲು ಹೋದದ್ದು ಸಮ್ಮೇದ ಎಂಬ ಕಾಳಿನ ವ್ಯಾಪಾರಿಯ ಮನೆಗೆ. ಹಿಂದಿನ ಖೋಲಿ ಖಾಲಿ ಇತ್ತು, ನಳವಿತ್ತು. ಸಮ್ಮೇದ ಕುರ್ಚಿ ಹಾಕಿಸಿ, ಚಹಾಕ್ಕೆ ಹೇಳಿ, ಎಷ್ಟು ಮಂದಿ, ಯಾರಿಗೆ ಆರಾಮಿಲ್ಲ ಎಂದೆಲ್ಲ ಮೆತ್ತಗೆ ಕೇಳಿದ. ಮನೆಯಲ್ಲಿ ತತ್ತಿ, ಮಾಂಸ ನಡೆಯುವುದಿಲ್ಲ ಎಂದ. ಅದಕ್ಕೆ ಮಲಕಾರಿ ಒಪ್ಪಿದ. ಹೆಂಡತಿ ಹೇಗೂ ಅದನ್ನೆಲ್ಲ ಬಿಟ್ಟಿದ್ದಳು. ಆಮೇಲೆ ಸಮ್ಮೇದ ತುಸು ತಡೆದು, "ಮತ್ತ... ನೀವು ಯಾವ ಪೈಕಿ ಅಂದ್ರಿ?" ಎಂದ.

ಮಲಕಾರಿಯ ತಲೆ ಬಿಸಿಯಾಗಲು ಅಷ್ಟೇ ಸಾಕಾಗಿತ್ತು. ಕುರ್ಚಿ ಹಿಂದೆ ಸರಿಯುವಂತೆ ಎದ್ದುನಿಂತ.

"ಕುರಿ ಕಾಯೋ ಪೈಕಿ. ನಮ್ಮ ಕುರಿ ಹಿಕ್ಕಿ ನಿಮ್ಮ ಹೊಲಕ್ಕ ಬೀಳೂಮುಂದ ಯಾವ ಪೈಕಿ ಅಂತ ಕೇಳಿದ್ರೇನು?"

ಸಮ್ಮೇದ, ತಪ್ಪ ತಿಳೀಬ್ಯಾಡ್ರಿ, ಚಹಾ ಕುಡದ ಹೋಗ್ರಿ ಎನ್ನುತ್ತಿದ್ದಂತೆ ಮಲಕಾರಿ ಚಪ್ಪಲಿ ಮೆಟ್ಟಿ ರಸ್ತೆಗೆ ಇಳಿದಾಗಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಬಾಯಲ್ಲಿ ಬೈಗುಳ, ಗಂಟಲು ಒಣ.

ದವಾಖಾನೆಯ ಹಿಂದಿನ ಓಣಿಯಲ್ಲಿ ಇನ್ನೊಂದು ಖೋಲಿ ಇದೆಯೆಂದು ಔಷಧಿ ಅಂಗಡಿಯವನು ಹೇಳಿದ್ದ. ಓಣಿ ಇಕ್ಕಟ್ಟು, ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಅರವತ್ತರ ಅಕ್ಕುತಾಯಿ ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮಗ ಸಂಗ್ರಾಮ ನಿಪ್ಪಾಣಿಯಲ್ಲಿ ನೌಕರಿಗೆ ಇದ್ದುದರಿಂದ ಅವನ ಖೋಲಿಯನ್ನು ಬಾಡಿಗೆಗೆ ಕೊಡುತ್ತಿದ್ದಳು. ಖೋಲಿ ಸಣ್ಣದು, ಕತ್ತಲೆ, ಆದರೆ ಸಾರಿಸಿ ಒರೆಸಿ ಕನ್ನಡಿ ಮಾಡಿದ್ದಳು. ದವಾಖಾನೆಯ ಗೇಟು ಅಲ್ಲಿಂದ ನೂರು ಹೆಜ್ಜೆ. ಮಲಕಾರಿಗೆ ಮನಸ್ಸು ಬಂತು. ಅಷ್ಟರಲ್ಲಿ ಅವನ ಕಣ್ಣು ಬಾಗಿಲ ಮೇಲಿದ್ದ ಪಟಗಳಿಗೆ ಹೋಯಿತು. ಒಂದರಲ್ಲಿ ಬುದ್ಧ, ಪಕ್ಕದಲ್ಲಿ ನೀಲಿ ಕೋಟಿನ ಬಾಬಾಸಾಹೇಬರು.

ಅಕ್ಕುತಾಯಿ ತಂಬಿಗೆಯಲ್ಲಿ ನೀರು ತಂದು ಹಿಡಿದಳು. ಈಗಷ್ಟೇ ಕುಡಿದು ಬಂದೆ ಎಂದ. ಖೋಲಿಗೆ ಗಾಳಿ ಸಾಲದು ಎಂದ. ಅವಳು ತಂಬಿಗೆಯನ್ನು ಬಾಗಿಲ ಮೂಲೆಯಲ್ಲಿಟ್ಟು ಮತ್ತೆ ಸೊಪ್ಪಿಗೆ ಕೈಹಾಕಿದಳು. ಓಣಿ ದಾಟಿ, ಹೋಟೆಲ್ಲಿನ ಮುಂದಿನ ಡ್ರಮ್ಮಿನಲ್ಲಿ ಮಲಕಾರಿ ಮೂರು ಗ್ಲಾಸು ನೀರು ಕುಡಿದ.

ಸಂಜೆ ಊರ ಹೊರಗಿನ ಮಾಳದಲ್ಲಿ ಅವನಿಗೆ ಬೇಕಾದ ಜಾಗ ಸಿಕ್ಕಿತು. ಹೊಸ ಪ್ಲಾಟುಗಳ ನಡುವೆ ಒಂದೇ ಒಂದು ಮನೆ. ಮಾಲೀಕ ಕೊಲ್ಹಾಪುರದಲ್ಲಿದ್ದ, ಫೋನಿನಲ್ಲಿ ಬಾಡಿಗೆ ಬಿಟ್ಟು ಬೇರೇನನ್ನೂ ಕೇಳಲಿಲ್ಲ. ಮಲಕಾರಿ ಹಿಮ್ಮಡಿಯಿಂದ ನೆಲ ಗುದ್ದಿದ, ಗಟ್ಟಿಯಿತ್ತು. ಒಂದು ಹಿಡಿ ಮಣ್ಣೆತ್ತಿ ಸುರಿದ, ಪಡುವಣ ಗಾಳಿ ಅದನ್ನು ಹಾರಿಸಿಕೊಂಡು ಹೋಯಿತು. ಬೋರಿನ ನೀರು ಸಿಹಿ. ಸುತ್ತ ಕಣ್ಣು ಹಾಯುವಷ್ಟು ಬಯಲು, ಕೇಳುವವರಿಲ್ಲ, ಹೇಳುವವರಿಲ್ಲ. ಮರುದಿನವೇ ದುಂಡವ್ವನನ್ನು ಕರೆತಂದ. ಅವಳು ಬಾಗಿಲಲ್ಲಿ ನಿಂತು ನಾಲ್ಕು ದಿಕ್ಕಿಗೂ ನೋಡಿ, ಒಳಗೆ ಹೋಗಿ ಒಲೆ ಹೊತ್ತಿಸಿದಳು.

ಮೂರನೆಯ ವಾರ ಹಿಂಡಿನಲ್ಲಿ ಕುರಿಗಳು ಈಯತೊಡಗಿದವು. ಮಹಾದೇವನೊಬ್ಬನಿಗೆ ನೀಗದೆಂದು ಮಲಕಾರಿ ಭೋಜಕ್ಕೆ ಹೋದ. ಆ ದಿನ ದುಂಡವ್ವ ದವಾಖಾನೆಯಿಂದ ರಿಕ್ಷಾದಲ್ಲಿ ಒಬ್ಬಳೇ ಮರಳಿದಳು. ಎಡಗೈಯಲ್ಲಿ ಭಾರ ಎತ್ತಬೇಡ ಎಂದು ಸಾವಿರ ಸಲ ಹೇಳಿದ್ದರು. ಆದರೆ ಮನೆಯಲ್ಲಿ ಬಳಸಲು ನೀರಿರಲಿಲ್ಲ, ಕೊಡ ಒಂದೇ ಕೈಗೆ ಏಳುವುದಿಲ್ಲ. ಎರಡೂ ಕೈ ಹಚ್ಚಿ ಎತ್ತಿದಳು, ಎರಡು ಹೆಜ್ಜೆ ಇಡುವುದರೊಳಗೆ ಸೂಜಿ ಚುಚ್ಚಿದ ಜಾಗ ಬಿಚ್ಚಿಕೊಂಡಿತು. ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಕೂಗಿದಳು. ಮಾಳದಲ್ಲಿ ಯಾರಿದ್ದಾರೆ? ಹೆಬ್ಬೆರಳನ್ನು ಗಾಯದ ಮೇಲೆ ಒತ್ತಿಕೊಂಡು ಮಟಮಟ ಮಧ್ಯಾಹ್ನ ಇಳಿಜಾರು ಇಳಿದು ರಸ್ತೆಗೆ ಬಂದು ಕುಸಿದಳು. ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನವನು ಕಂಡು, ಎತ್ತಿ ಕೂರಿಸಿಕೊಂಡು ದವಾಖಾನೆ ಮುಟ್ಟಿಸಿದ.

ಮಲಕಾರಿ ಬಂದಾಗ ಅವಳ ಸೀರೆಯ ಸೆರಗು ರಕ್ತ ಒಣಗಿ ಕಬ್ಬಿನ ಸಿಪ್ಪೆಯಂತೆ ಬಿರುಸಾಗಿತ್ತು. ಅವನು ಮಹಾದೇವನನ್ನು ಬೈದ, ಬಿಟ್ಟುಹೋದ ರಿಕ್ಷಾದವನನ್ನು ಬೈದ, ಕೊಲ್ಹಾಪುರದ ಮಾಲೀಕನನ್ನು ಬೈದ. ಎಲ್ಲ ಮುಗಿದ ಮೇಲೆ ದುಂಡವ್ವ ಬಾಯಿ ಬಿಟ್ಟಳು.

"ನೀವು ಜಾಗಾ ನೋಡಿದ್ದು ಕುರಿಗಿ," ಎಂದಳು. "ಗಾಳಿ ಚಲೋ ಐತಿ ಅಂದ್ರಿ. ನಾ ಕೂಗಿದ್ದನ್ನ ಆ ಗಾಳಿನ ತಗೊಂಡ ಹೋತು. ಈ ಸಲ ನಾ ನೋಡ್ತೀನಿ."

ಮರುದಿನ ದವಾಖಾನೆಯಿಂದ ಬಿಟ್ಟೊಡನೆ ಅವಳು ಕಟ್ಟು ಹಾಕಿದ ಕೈಯನ್ನು ಎದೆಗೆ ಆನಿಸಿಕೊಂಡು ಗೇಟಿನಿಂದ ನೇರ ಹಿಂದಿನ ಓಣಿಗೆ ತಿರುಗಿದಳು. ಬಾಡಿಗೆ ಬೋರ್ಡು ತೂಗುತ್ತಿದ್ದ ಮನೆಯ ಮುಂದೆ ನಿಂತಳು. ಅದು ನೋಡಿ ಆಗಿದೆ, ನಮಗೆ ಸರಿಹೋಗುವುದಿಲ್ಲ ಎಂದ ಮಲಕಾರಿ. ಯಾಕೆ ಎಂದಳು. ಅವನು ಓಣಿಯ ಆ ತುದಿ ನೋಡತೊಡಗಿದ. ದುಂಡವ್ವ ಒಮ್ಮೆ ಬಾಗಿಲ ಮೇಲಿನ ಪಟಗಳನ್ನು, ಒಮ್ಮೆ ಗಂಡನ ಮುಖವನ್ನು ನೋಡಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಅಕ್ಕುತಾಯಿ ಹೊರಗೆ ಬಂದಳು. ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

"ಇವ್ರು ಆವತ್ತ ಬಂದಿದ್ರಲ್ಲ, ಯವ್ವಾ. ಗಾಳಿ ಇಲ್ಲ ಅಂದ್ರು. ನೀರ ಕೊಟ್ರ ಕುಡೀಲಿಲ್ಲ."

"ನನಗ ಕೊಡ್ರಿ, ಅಕ್ಕಾ," ಎಂದಳು ದುಂಡವ್ವ.

ತಂಬಿಗೆ ಬಂತು. ಮಲಕಾರಿ ಕೈ ಅಡ್ಡ ಮಾಡಿದ. ಈ ಒಂದು ವಿಷಯದಲ್ಲಿ ಅವನ ಅಂಜಿಕೆ ನಿಜವಾದದ್ದು.

"ಇವತ್ತಿನ ನಿನ್ನ ಪಾಲಿನ ನೀರ ಮುಂಜಾನಿನ ಮುಗದೈತಿ."

"ನಾಳಿನದರಾಗ ಕಡಿಮಿ ಮಾಡ್ಕೋತೀನಿ," ಎಂದು ದುಂಡವ್ವ ಎರಡು ಗುಟುಕು ಕುಡಿದು, ಬಾಯಿ ಒರೆಸಿಕೊಂಡು, ತಂಬಿಗೆಯನ್ನು ಕೆಳಗಿಡದೆ ಗಂಡನ ಕಡೆ ಚಾಚಿದಳು. ಅಕ್ಕುತಾಯಿ ಬಾಗಿಲ ತೋಳಿಗೆ ಒರಗಿ ನೋಡುತ್ತಲೇ ಇದ್ದಳು. ಖೋಲಿ ಕೊಡುವುದು ಬಿಡುವುದು ಅವಳ ಕೈಯಲ್ಲಿತ್ತು, ಅದು ಮೂವರಿಗೂ ಗೊತ್ತಿತ್ತು. ಮಲಕಾರಿ ತಂಬಿಗೆ ತೆಗೆದುಕೊಂಡ. ಮಿಕ್ಕ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದ. ಕೊನೆಗೆ ನೀರು ನೆತ್ತಿಗೇರಿ ಠಸಕಿ ಹತ್ತಿ, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದ.

"ಬಾಡಗಿ ಮಾತು ಆಮ್ಯಾಲ," ಎಂದಳು ಅಕ್ಕುತಾಯಿ. "ಮೊದಲ ಆಕಿ ಒಳಗ ಬಂದ ಮಲಗಲಿ. ಗಾಳಿ ಮಾತ್ರ ಇಲ್ಲ ನೋಡ್ರಿ ಮತ್ತ."

ಸಾಮಾನು ತಂದು ಇಳಿಸಿದ ದಿನ ದುಂಡವ್ವ ಮಾಡಿದ ಮೊದಲ ಕೆಲಸವೆಂದರೆ, ಸವಟು ತೆಗೆದುಕೊಂಡು ನಡುಗೋಡೆಗೆ ಎರಡು ಸಲ ಬಡಿದದ್ದು. ಆ ಕಡೆಯಿಂದ ಕೂಡಲೇ, ಏನ್ ಬೇಕ್ರಿ ಎಂದು ಅಕ್ಕುತಾಯಿಯ ದನಿ ಬಂತು. ಏನಿಲ್ಲ, ನೋಡಿದೆ ಎಂದಳು ದುಂಡವ್ವ. ಆಮೇಲೆ ಒಲೆಯ ಜಾಗವನ್ನು ತಾನೇ ಆರಿಸಿಕೊಂಡಳು. ಮಲಕಾರಿಗೆ ಆ ಖೋಲಿಯಲ್ಲಿ ನಿದ್ದೆ ಹತ್ತಲಿಲ್ಲ. ಕಂಬಳಿ ಹಾಸಿದರೆ ಕಾಲು ಗೋಡೆಗೆ ತಾಗುತ್ತಿತ್ತು.

ನಾಲ್ಕನೆಯ ದಿನ ಅವನು ಭೋಜದ ಬಸ್ಸು ಹತ್ತಿದ. ದೂರದ ಅಣ್ಣನಾಗಬೇಕಾದ ವಿಠೋಬಾ ಪಕ್ಕದ ಸೀಟಿನಲ್ಲೇ ಇದ್ದ. ದುಂಡವ್ವನ ಆರೋಗ್ಯ ವಿಚಾರಿಸಿದ, ದವಾಖಾನೆಗೆ ಹತ್ತಿರ ಖೋಲಿ ಸಿಕ್ಕದ್ದು ಪುಣ್ಯ ಎಂದ. ಆಮೇಲೆ ಕೇಳಿದ, "ಯಾರ ಮನ್ಯಾಗ, ತಮ್ಮಾ?"

ಬೇರೆ ಯಾವುದಾದರೂ ಹೆಸರು ಹೇಳಬಹುದಿತ್ತು. ಸಮ್ಮೇದನ ಹೆಸರು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ನಾಳೆ ನೋಡಲು ಬಂದವರ ಮುಂದೆ ದುಂಡವ್ವ ಸುಳ್ಳಾಡುವುದಿಲ್ಲ.

"ಅಕ್ಕುತಾಯಿ ಮನ್ಯಾಗ," ಎಂದ ಮಲಕಾರಿ. "ದವಾಖಾನಿ ಹಿಂದಿನ ಓಣಿ."

ವಿಠೋಬಾನಿಗೆ ಆ ಓಣಿ ಗೊತ್ತಿತ್ತು. ಅವನು ಕಿಟಕಿಯ ಕಡೆ ಮುಖ ತಿರುಗಿಸಿ, ಕುಳಿತಲ್ಲೇ ತುಸು ಸರಿದುಕೊಂಡ. ಮಲಕಾರಿಯ ಕಿವಿ ಕಾದವು. ಬೈಯಬೇಕೆಂದರೆ ವಿಠೋಬಾ ಒಂದು ಮಾತೂ ಆಡಿರಲಿಲ್ಲ. ಆವತ್ತು ಅಕ್ಕುತಾಯಿಯ ಕಟ್ಟೆಯ ಮುಂದೆ ತಾನೂ ಗಾಳಿಯ ಮಾತು ಬಿಟ್ಟರೆ ಬೇರೇನೂ ಆಡಿರಲಿಲ್ಲ. ಇಬ್ಬರ ನಡುವೆ ಒಂದು ಗೇಣು ಸೀಟು ಖಾಲಿ ಬಿದ್ದಿತ್ತು, ಭೋಜ ಬರುವವರೆಗೂ.