ಗೋಡೆಯ ಮೇಲಿನ ಅನ್ನ

ಹೊಲಿಗೆ ಮಿಷನ್ನಿಗೆ ಬಿಡುವ ಎಣ್ಣೆಯ ವಾಸನೆ ಎಲ್ಲಿ ಬಂದರೂ ನನಗೆ ಜಯನಗರದ ನಮ್ಮ ಹಳೆಯ ಮನೆಯ ಹಿತ್ತಲು ನೆನಪಾಗುತ್ತದೆ, ಅದರ ಹಿಂದೆಯೇ ನಾಚಿಕೆಯಾಗುತ್ತದೆ. ಅರವತ್ತರ ದಶಕದ ಮೊದಲ ವರ್ಷಗಳವು. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಭಾನುವಾರ ಸೀನು ಚಿಕ್ಕಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಆ ಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ತನ್ನ ಏರ್‌ಗನ್ ಒರೆಸುತ್ತಿದ್ದ. ಮಣ್ಣುಗುಡ್ಡೆಯ ಮೇಲೆ ಬೆಂಕಿಪೊಟ್ಟಣ ನಿಲ್ಲಿಸಿ ನನಗೆ ಗುರಿ ಕಲಿಸಿದವನೂ ಅವನೇ. "ಗನ್ನಿಂದೇನೂ ತಪ್ಪಿಲ್ಲ ಕಣೋ, ತಪ್ಪು ನಿನ್ನ ಉಸಿರಿಂದು. ಅರ್ಧ ಬಿಡು, ಅಲ್ಲೇ ನಿಲ್ಸು. ಟ್ರಿಗರ್ ಎಳೀಬೇಡ, ಮೆಲ್ಲಗೆ ಒತ್ತು. ಜೀವ ಇರೋದರ ಕಡೆ ಮಾತ್ರ ತಿರುಗಿಸ್ಬೇಡ." ಎರಡು ತಿಂಗಳಲ್ಲಿ ನಾನು ಬೆಂಕಿಪೊಟ್ಟಣದಿಂದ ಹುಣಸೆಬೀಜಕ್ಕೆ ಬಂದೆ. ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಜ್ಜಿ ದಿನವೂ ಬೆಳಿಗ್ಗೆ ಕಾಂಪೌಂಡಿನ ಮೇಲೆ ಒಂದು ಹಿಡಿ ಅನ್ನವಿಟ್ಟು ಕಾಗೆಗಳನ್ನು ಕರೆಯುತ್ತಿದ್ದಳು. ಒಂದು ಕುಂಟುಕಾಗೆ ಎಲ್ಲಕ್ಕಿಂತ ಮೊದಲು ಬರುತ್ತಿತ್ತು. "ನೋಡೋ, ನಿಮ್ಮ ತಾತನ ಹಾಗೇ, ಅನ್ನ ಆರೋವರೆಗೂ ತಡಿಯಲ್ಲ," ಎಂದು ನಗುತ್ತಿದ್ದಳು. ತಾತ ಹೋದಮೇಲೆ ಆಕೆ ದಿನಕ್ಕೆ ನಗುತ್ತಿದ್ದದ್ದು ಅದೊಂದೇ ಸಲ.

ತಾತನ ತಿಥಿಯ ಹಿಂದಿನ ದಿನ ಮಧ್ಯಾಹ್ನ ದೊಡ್ಡವರೆಲ್ಲ ಅಡುಗೆಮನೆ ತೊಳೆಯುವ ಗಲಾಟೆಯಲ್ಲಿದ್ದರು. ನಾನು ಯಾರನ್ನೂ ಕೇಳದೆ ಏರ್‌ಗನ್ ತಂದೆ. ಗೋಡೆಯ ಮೇಲೊಂದು ಕಾಗೆ ಕೂತಿತ್ತು. ಅರ್ಧ ಉಸಿರು ಬಿಟ್ಟೆ, ನಿಲ್ಲಿಸಿದೆ, ಒತ್ತಿದೆ. ಅಷ್ಟು ಚೆನ್ನಾಗಿ ಅದಕ್ಕೆ ಮೊದಲು ಎಂದೂ ಹೊಡೆದಿರಲಿಲ್ಲ. ಸುಳ್ಳೇಕೆ, ಮೊದಲು ನನಗಾದದ್ದು ಖುಷಿ. ನಾನು ಗೋಡೆ ಹಾರಿ ಹೋಗಿ ನೋಡಿದರೆ, ಪಕ್ಕದ ಸೈಟಿನಲ್ಲಿ ಬಿದ್ದಿದ್ದ ಕಾಗೆಯ ಒಂದು ಕಾಲು ಸೊಟ್ಟಗಿತ್ತು. ಅಜ್ಜಿಯ ಕುಂಟುಕಾಗೆ. ಅಲ್ಲೇ ಪೊದೆಯ ಕೆಳಗೆ ಮಣ್ಣು ಮುಚ್ಚಿದೆ. ಉಳಿದ ಕಾಗೆಗಳು ಸಂಜೆಯವರೆಗೂ ಕೂಗಾಡಿದವು.

ಮರುದಿನ ಪಿಂಡದ ಅನ್ನವನ್ನು ಅದೇ ಗೋಡೆಯ ಮೇಲಿಟ್ಟರು. ಕಾಗೆ ಮುಟ್ಟದೆ ಮನೆಯವರಾರೂ ಊಟಕ್ಕೆ ಕೂರುವಂತಿಲ್ಲ. ಒಂದು ಕಾಗೆಯೂ ಹತ್ತಿರ ಸುಳಿಯಲಿಲ್ಲ. ದೂರದ ಮರದಲ್ಲಿ ಕೂತು ನಮ್ಮ ಗೋಡೆಯನ್ನೇ ನೋಡುತ್ತಿದ್ದವು. ಹೊತ್ತು ಮೀರಿ, ಪುರೋಹಿತರು ಹಸುವಿಗೆ ಕೊಟ್ಟರೂ ಆದೀತು ಎಂದ ಮೇಲೆ ಎಲ್ಲರೂ ಎಲೆಯ ಮುಂದೆ ಕೂತರು. ಅಜ್ಜಿ ಮಾತ್ರ ಹಿತ್ತಲ ಬಾಗಿಲು ಬಿಟ್ಟು ಏಳಲಿಲ್ಲ. "ಅವ್ರಿಗೆ ನನ್ನ ಮೇಲೇ ಏನೋ ಬೇಜಾರು. ನನ್ನಿಂದಲೇ ಏನೋ ಲೋಪ ಆಗಿದೆ," ಎಂದಳು. ದೀಪ ಹಚ್ಚುವ ಹೊತ್ತಿನವರೆಗೂ ಬಾಯಿಗೆ ನೀರು ಹಾಕಲಿಲ್ಲ. ನಾನು ವಡೆ ತಿಂದೆ, ಎರಡು. ಚಿಕ್ಕಪ್ಪ ನನ್ನ ಮುಖ ನೋಡಿದ. ಸಂಜೆ ಏರ್‌ಗನ್ನನ್ನು ಅಟ್ಟಕ್ಕೆ ಹಾಕಿದವನು ಮತ್ತೆ ಇಳಿಸಲೇ ಇಲ್ಲ.

ಕೆಲವು ವಾರಗಳಲ್ಲಿ ಕಾಗೆಗಳು ಮತ್ತೆ ಬರತೊಡಗಿದವು. ಅಜ್ಜಿ ಅವುಗಳ ಕಾಲುಗಳನ್ನೇ ನೋಡುತ್ತಿದ್ದಳು. ಇನ್ನೂ ನಾಲ್ಕು ವರ್ಷ ಬದುಕಿದ್ದಳು. ಪ್ರತಿ ತಿಥಿಗೂ ಆ ಗೋಡೆಗೆ ಕೈಮುಗಿದು, "ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ," ಎನ್ನುತ್ತಿದ್ದಳು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಪಕ್ಕದಲ್ಲೇ ನಿಂತಿದ್ದೆ, ಹೇಳಲಿಲ್ಲ.

ಆ ಮನೆಯೂ ಗೋಡೆಯೂ ಈಗಿಲ್ಲ. ಅಜ್ಜಿಯ ತಿಥಿಯ ದಿನ ನಾನು ತಾರಸಿಯ ಮೇಲೆ ಅನ್ನವಿಟ್ಟು ಹಿಂದೆ ಸರಿದು ನಿಲ್ಲುತ್ತೇನೆ. ಕಾಗೆ ಬಂದು ಕೂರುತ್ತದೆ. ನನಗೆ ಗೊತ್ತಾಗುವ ಮೊದಲೇ ನನ್ನ ಉಸಿರು ಅರ್ಧ ಹೊರಹೋಗಿ, ಅಲ್ಲೇ ನಿಂತಿರುತ್ತದೆ.