ಚಿಗವ್ವನ ಕೈಗೆ ನೀರು

ಜೇವರ್ಗಿಯ ಬಸ್ ಸ್ಟ್ಯಾಂಡಿನ ಎದುರು ಒಂದು ಬಳೆ ಅಂಗಡಿಯಿದೆ. ಶಾಲೆಯ ಕೆಲಸ ಮುಗಿಸಿ ಬಸ್ಸಿಗೆ ಹೋಗುವಾಗ ನಾನು ಸುತ್ತು ಬಳಸಿ ಹೋಗುತ್ತೇನೆಯೇ ಹೊರತು ಆ ಅಂಗಡಿಯ ಮುಂದೆ ಹಾಯುವುದಿಲ್ಲ. ಮೊನ್ನೆ ಮಳೆಗೆ ಸಿಕ್ಕಿ ಅಲ್ಲೇ ನಿಲ್ಲಬೇಕಾಯಿತು. ಒಬ್ಬ ಹುಡುಗಿಗೆ ತೊಡಿಸುವಾಗ ಗಾಜಿನ ಬಳೆಯೊಂದು ಚಟ್ಟೆಂದು ಒಡೆಯಿತು. ಅವಳೂ ಅಂಗಡಿಯವಳೂ ನಕ್ಕರು. ನನ್ನ ಮೂಗಿಗೆ ಮಾತ್ರ ಬಿಸಿನೀರಲ್ಲಿ ನಾದಿದ ಜೋಳದ ಹಿಟ್ಟಿನ ವಾಸನೆ ಬಂತು, ಅದರ ಜೊತೆಗೇ ರಕ್ತದ್ದು.

ಮಾದನಹಿಪ್ಪರಗಾದ ನಮ್ಮ ಮನೆಯಲ್ಲಿ ಎರಡು ಒಲೆ, ಒಂದು ಬೈಬಲ್ಲು. ಒಂದು ಒಲೆ ಅವ್ವನದು, ಇನ್ನೊಂದು ಅಪ್ಪನ ತಮ್ಮ ಕಾಕಾನ ಹೆಂಡತಿ ಚಿಗವ್ವನದು. ಬೈಬಲ್ಲು ಓದುತ್ತಿದ್ದವನು ಅಪ್ಪ. ಅವನು ಸಭೆಯ ಹಿರಿಯ. ಸಂಜೆ ಚಾಪೆ ಹಾಸಿ ಎಲ್ಲರೂ ಹಾಡಲು ಕೂತರೆ, ಚಿಗವ್ವ ಚಪ್ಪಾಳೆ ತಟ್ಟಿದಾಗೆಲ್ಲ ಅವಳ ಹಸಿರು ಬಳೆಗಳೂ ದನಿಗೂಡಿಸುತ್ತಿದ್ದವು. ನಿಮ್ಮ ಮನೆಯಲ್ಲೂ ಅಂಥ ಒಂದು ಸದ್ದಿದ್ದು ಈಗ ಇಲ್ಲವಾಗಿದ್ದರೆ, ನಾನು ಹೇಳುವುದು ನಿಮಗೆ ತಿಳಿಯುತ್ತದೆ. ಕಾಕಾ ಕುಡುಕ. ಕುಡಿದಾಗ ಚಿಗವ್ವನನ್ನು ಹೊಡೆಯುತ್ತಿದ್ದ, ಇಳಿದ ಮೇಲೆ ಅವಳ ಕಾಲು ಹಿಡಿದು ಅಳುತ್ತಿದ್ದ. ಆಮೇಲೆ ಆಳಂದದ ಕಡೆಯಿಂದ ಬಂದ ಹೊಸ ಪ್ರಾರ್ಥನೆಯವರ ಜೊತೆ ಸೇರಿ ಕುಡಿತ ಬಿಟ್ಟ. ನಿಜವಾಗಿಯೂ ಬಿಟ್ಟ, ಅದನ್ನು ಇಲ್ಲವೆನ್ನಲಾರೆ. ಹೊಡೆಯುವುದನ್ನು ಬಿಡಲಿಲ್ಲ. ಮೊದಲು ಹೊಡೆದು ಅಳುತ್ತಿದ್ದವನು ಈಗ ಹೊಡೆದು ಪ್ರಾರ್ಥನೆ ಮಾಡುತ್ತಿದ್ದ.

ಒಡವೆ ತೊಡುವುದು ಪಾಪ ಎಂದು ಆ ಹೊಸಬರು ಹೇಳಿದ್ದರು. ಚಿಗವ್ವ ಓಲೆ ತೆಗೆದಳು, ಮೂಗುಬಟ್ಟು ತೆಗೆದಳು, ಬಳೆ ಮಾತ್ರ ತೆಗೆಯಲಿಲ್ಲ. ಗಂಡ ಸತ್ತಾಗ ಬಳೆ ಒಡೆಯುವ ಊರು ನಮ್ಮದು; ಕ್ರಿಸ್ತನನ್ನು ನಂಬಿದ ಮಾತ್ರಕ್ಕೆ ಅದು ನಮ್ಮ ಹೆಂಗಸರ ಮೈಯಿಂದ ಹೋಗಿರಲಿಲ್ಲ. ಬಳೆ ಮಾರುವ ಹಸೀನಾಬಿ ಬಂದು ಅವಳಿಗೆ ಕೈತುಂಬ, ನನಗೆ ನಾಲ್ಕು, ಹೊಸ ಬಳೆ ತೊಡಿಸಿದ ಮರುದಿನ ಮಧ್ಯಾಹ್ನ ಚಿಗವ್ವ ಹಿಟ್ಟು ನಾದುತ್ತಿದ್ದಳು. ನಾನು ಪಕ್ಕದಲ್ಲಿದ್ದೆ. ಕಾಕಾ ಬಂದು ನೋಡಿದ.

“ತೆಗಿ ಅಂದಿಲ್ಲೇನ ಬೇ?”

“ಕುಡಿಯೋದು ಬಿಟ್ಟೀರಿ, ದಿನಾ ದೇವರಿಗಿ ಕೈ ಮುಗಿತೇನಿ. ಬಳಿ ತೆಗಿಯಂಗಿಲ್ರಿ. ನೀವಿನ್ನಾ ಬದುಕೀರಿ.”

ಅವನು ಅವಳ ಬಲಗೈಯನ್ನು ನೆಲದ ಕಲ್ಲಿಗೆ ಒತ್ತಿಹಿಡಿದು ಖಾರ ಅರೆಯುವ ಗುಂಡುಕಲ್ಲು ಎತ್ತಿದ. ಮೊದಲ ಏಟಿಗೆ ಬಳೆ ಹೋದವು. ಎರಡನೆಯದಕ್ಕೆ ಎಲುಬು ಹೋಯಿತು. ಅವಳು ಕಿರುಚಿದಳು, ನಾನು ನನ್ನ ಕೈಗಳನ್ನು ಲಂಗದೊಳಗೆ ಬಚ್ಚಿಟ್ಟುಕೊಂಡೆ. ಅಷ್ಟೇ ನಾನು ಮಾಡಿದ್ದು. ಅಪ್ಪ ಕೊಡಲಿಯ ಕಾವು ಹಿಡಿದು ಓಡಿಬಂದು ತಮ್ಮನನ್ನು ಅಂಗಳಕ್ಕೆ ಎಳೆದು, ಅವನು ಹಲ್ಲು ಉಗುಳುವ ತನಕ ಬಡಿದ. ಸಾಕೆಂದು ಅವ್ವ ಕೂಗಿದರೂ ನಿಲ್ಲಿಸಲಿಲ್ಲ. ಹೊಡೆಯುತ್ತಿದ್ದ ಅಪ್ಪನ ಮುಖ ಥೇಟ್ ಕಾಕಾನ ಮುಖವೇ ಆಗಿತ್ತು.

ನಮ್ಮ ಸಭೆಯಲ್ಲಿ ಒಂದು ವಾಡಿಕೆಯಿತ್ತು. ಜಗಳವಾಡಿದವರು ಕರ್ತನ ಭೋಜನದ ರೊಟ್ಟಿ ಮುಟ್ಟುವ ಮೊದಲು ಒಬ್ಬರ ಕೈಗೊಬ್ಬರು ತಂಬಿಗೆಯಿಂದ ನೀರು ಹಾಕಿ, ಒಂದೇ ಟವೆಲ್ಲಿಗೆ ಒರೆಸಿಕೊಳ್ಳಬೇಕು. ಮುಂದಿನ ತಿಂಗಳ ಭೋಜನದ ಭಾನುವಾರ ಅಣ್ಣತಮ್ಮಂದಿರು ಹಾಗೆಯೇ ಮಾಡಿದರು. ತಬ್ಬಿಕೊಂಡು ಅತ್ತರು. ಸಭೆಯೇ ಅತ್ತಿತು, ದೇವರಿಗೆ ಸ್ತೋತ್ರ ಅಂದಿತು. ರೊಟ್ಟಿ ಸುಟ್ಟು ತಂದವಳು ಎಂದಿನಂತೆ ಚಿಗವ್ವನೇ. ಬಲಗೈ ಕೊರಳಿಗೆ ಕಟ್ಟಿಕೊಂಡು ಎಡಗೈಯಲ್ಲಿ ನಾದಿದ್ದಳು. ತಟ್ಟೆ ಬಂದಾಗ ಅವಳು ಕೈ ಚಾಚಲಿಲ್ಲ.

“ತಗೊಳವ್ವಾ, ಎಲ್ಲಾ ಮುಗೀತಲ್ಲ,” ಅಂದ ಅಪ್ಪ.

“ನನ್ನ ಕೈಗಿ ಯಾರೂ ನೀರು ಹಾಕಲಿಲ್ಲಲ್ರಿ, ಭಾವಾ.”

ತಂಬಿಗೆಯಲ್ಲಿ ಇನ್ನೂ ಅರ್ಧ ನೀರಿತ್ತು. ಕಾಕಾ ಗೋಡೆ ನೋಡಿದ. ಅಪ್ಪ ತಟ್ಟೆಯನ್ನು ಪಕ್ಕದವರ ಮುಂದೆ ಹಿಡಿದ. ಇಬ್ಬರೂ ಕೆಟ್ಟವರೆಂದು ಹೇಳಿಬಿಟ್ಟರೆ ನನಗೆ ಹಗುರಾಗುತ್ತಿತ್ತು. ಆದರೆ ಅವರು ಅತ್ತದ್ದು ಸುಳ್ಳಲ್ಲ. ಜಗಳ ತಮ್ಮಿಬ್ಬರದೇ ಎಂದು ನಂಬಿದ್ದರು, ಅಷ್ಟೇ.

ಮರುದಿನ ಬೆಳಿಗ್ಗೆ ಚಿಗವ್ವ ಕರಜಗಿಯ ತವರಿಗೆ ಹೋಗಲು ಬಸ್ಸು ಹತ್ತಿದಳು. ಮತ್ತೆ ಬರಲಿಲ್ಲ. ಅವಳ ಒಲೆ ಆರಿತು, ಚಾಪೆ ಹಾಸುವುದು ನಿಂತಿತು, ಮನೆಯ ನಡುವೆ ಗೋಡೆ ಎದ್ದಿತು. ಈಗ ಮನೆಯೂ ಇಲ್ಲ, ಗೋಡೆಯೂ ಇಲ್ಲ. ಅಪ್ಪ ಹೋದ, ಕಾಕಾ ಹೋದ.

ಹೋದ ವರ್ಷ ಚಿಗವ್ವ ಹೋದಳೆಂದು ಕರಜಗಿಯಿಂದ ಫೋನು ಬಂತು. ಮಣ್ಣಿಗೆ ಒಯ್ಯುವ ಮೊದಲು ಮೈ ತೊಳೆಯುತ್ತಿದ್ದ ಹೆಂಗಸರಿಂದ ನಾನು ತಂಬಿಗೆ ಕೇಳಿ ಇಸಿದುಕೊಂಡೆ. ಬಲ ಮಣಿಕಟ್ಟಿನ ಎಲುಬು ಸೊಟ್ಟಗೆ ಕೂಡಿತ್ತು. ಮತ್ತೆ ಬಳೆ ಏರುವಂತಿರಲಿಲ್ಲ. ಎರಡೂ ಕೈಗೆ ನೀರು ಹಾಕಿದೆ. ಅಪ್ಪನ ಪರವಾಗಿ, ಕಾಕಾನ ಪರವಾಗಿ, ಲಂಗದೊಳಗೆ ಕೈ ಬಚ್ಚಿಟ್ಟ ನನ್ನ ಪರವಾಗಿ. ನನ್ನ ಸೆರಗಿನಿಂದಲೇ ಒರೆಸಿದೆ. ವಾಡಿಕೆಯಂತೆ ಇನ್ನು ಅವಳು ನನ್ನ ಕೈಗೆ ಹಾಕಬೇಕಿತ್ತು. ತಂಬಿಗೆ ಹಿಡಿದು ನಾನು ಕಾಯುತ್ತಾ ಕೂತೆ, “ಏಳವ್ವಾ, ಹೊತ್ತಾಯಿತು” ಎಂದು ಯಾರೋ ಭುಜ ಮುಟ್ಟುವ ತನಕ.